ಇನ್‌ವರ್ಡ್ ನಂಬರ್ ನಾನೂರ ಹನ್ನೆರಡು

ನಾಗೇಂದ್ರ ಆ ಕಾಗದವನ್ನು ಮೇಜಿನ ಟಪಾಲು ಟ್ರೇಯಲ್ಲಿ ಬಿಟ್ಟು ಹೋದದ್ದು ಮೂರೇ ನಿಮಿಷ. ಆ ಮೂರು ನಿಮಿಷದಲ್ಲಿ ಹೆಂಡತಿ ಕೋಮಲಳ ಫೋನು ಬಾರದಿದ್ದರೆ ಈ ಕತೆಯೂ ಇರುತ್ತಿರಲಿಲ್ಲ, ಅವನ ಕೊರಳಿಗೆ ಹಾರವೂ ಬೀಳುತ್ತಿರಲಿಲ್ಲ. ನಂಜನಗೂಡಿನ ಕಪಿಲಾತೀರ ರಸಬಾಳೆ ಬೆಳೆಗಾರರ ಸಹಕಾರ ಸಂಘದ ಕಚೇರಿಯೊಳಗೆ ಮೆಸೇಜುಗಳು ಹೇಗೋ ನುಸುಳಿಕೊಂಡು ಬರುತ್ತವೆ. ಮಾತಾಡಬೇಕೆಂದರೆ ಮಾತ್ರ ಸಿಗ್ನಲ್ ಹುಡುಕಿಕೊಂಡು ಹೊರಗಿನ ಬೇವಿನ ಮರದ ಬುಡಕ್ಕೇ ಹೋಗಬೇಕು.

ನಾಗೇಂದ್ರ ಅಲ್ಲಿ ದ್ವಿತೀಯ ದರ್ಜೆ ಗುಮಾಸ್ತ. ದಿನಾ ಟಿ. ನರಸೀಪುರದಿಂದ ಬಸ್ಸಿನಲ್ಲಿ ಬರುವವನು. ಹನ್ನೊಂದು ವರ್ಷದಿಂದ ಪ್ರಥಮ ದರ್ಜೆಯ ಕನಸು ಕಾಣುತ್ತಿದ್ದ. ಬರವಣಿಗೆಯ ಸರ್ಟಿಫಿಕೇಟ್ ಇದ್ದವರಿಗೆ ಬಡ್ತಿಯಲ್ಲಿ ಆದ್ಯತೆ ಎಂದು ಆಡಳಿತ ಮಂಡಳಿ ಹೇಳಿದ್ದೇ ತಡ, ಯಾರಿಗೂ ಬಾಯಿ ಬಿಡದೆ ದೂರದ ವಿಶ್ವವಿದ್ಯಾಲಯವೊಂದರ ಆನ್‌ಲೈನ್ ಕೋರ್ಸಿಗೆ ಸೇರಿಬಿಟ್ಟ. ಕೋರ್ಸಿನ ಹೆಸರು ‘ವೃತ್ತಿಪರ ಬರವಣಿಗೆ’. ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿಕೊಂಡು ಕೂತರೆ ಪಕ್ಕದವರು ಹಾಡು ಕೇಳುತ್ತಿದ್ದಾನೆ ಅಂದುಕೊಳ್ಳುತ್ತಿದ್ದರು. ಅವನು ಕೇಳುತ್ತಿದ್ದದ್ದು ನಾಲ್ಕೇ ಸಾಲಿನಲ್ಲಿ ವಿಷಾದ ವ್ಯಕ್ತಪಡಿಸುವುದು ಹೇಗೆ ಎಂಬ ಪಾಠವನ್ನು.

ಪ್ರತಿ ವಾರ ಎರಡು ಪ್ರಶ್ನೆ ಕೊಡುತ್ತಿದ್ದರು, ಒಂದಕ್ಕೆ ಉತ್ತರ ಬರೆದರೆ ಸಾಕು. ನಾಗೇಂದ್ರ ಎರಡನೆಯದನ್ನು ಓದುವ ಗೋಜಿಗೇ ಹೋದವನಲ್ಲ. ಈ ವಾರದ ಮೊದಲ ಪ್ರಶ್ನೆ: ನಿಮ್ಮ ಮೇಲಧಿಕಾರಿಗೆ ರಾಜೀನಾಮೆ ಪತ್ರ ಬರೆಯಿರಿ. ಹೆಸರು, ಕಚೇರಿ, ಸಹಿ ಎಲ್ಲ ನಿಜದ್ದೇ ಇರಬೇಕು, ಕಲ್ಪಿಸಿ ಬರೆದರೆ ಸೊನ್ನೆ. ಮಧ್ಯಾಹ್ನ ಮೂರು ಗಂಟೆಯೊಳಗೆ ಕಳಿಸಿದರೆ ಸಂಜೆ ಐದಕ್ಕೆ ಸರಿಯಾಗಿ ಕಂಪ್ಯೂಟರೇ ಅಂಕ ಹಾಕುತ್ತದೆ. “ಈ ಸಂಘದ ನೆರಳಿನಲ್ಲಿ ಬೆಳೆದ ನಾನು ಭಾರವಾದ ಹೃದಯದಿಂದ” ಎಂಬ ಸಾಲು ಬರೆಯುವಾಗ ನಾಗೇಂದ್ರನಿಗೇ ಕಣ್ಣು ತುಂಬಿ ಬಂದಿತ್ತು. ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಬಂದು, ಕಚೇರಿಯ ಪ್ರಿಂಟರಿನಲ್ಲೇ ಪ್ರಿಂಟ್ ತೆಗೆದು, ಸಹಿ ಹಾಕಿ, ಫೋಟೊ ಹೊಡೆದು ಕಳಿಸಿದ. ಅಷ್ಟರಲ್ಲಿ ಕೋಮಲಳ ಫೋನು. ಬರುವಾಗ ಬದನೆಕಾಯಿ ತರಬೇಕಂತೆ.

ತಿರುಗಿ ಬಂದರೆ ಟ್ರೇ ಖಾಲಿ. ಅಟೆಂಡರ್ ಚಿಕ್ಕಮಾದು ಸೀಲನ್ನು ಡಬ್ಬಿಗೆ ಹಾಕಿ ಮುಚ್ಚುತ್ತಿದ್ದ. ಟ್ರೇಯಲ್ಲಿ ಏನು ಕಂಡರೂ ಸೀಲು ಹೊಡೆದು ನಂಬರ್ ಹಾಕುವುದು ಅವನ ಇಪ್ಪತ್ತೆಂಟು ವರ್ಷದ ಅಭ್ಯಾಸ. ಬನ್ನೂರಿನಿಂದ ಬಂದಿದ್ದ ಮದುವೆ ಕರೆಯೋಲೆಗೂ ಒಮ್ಮೆ ನಂಬರ್ ಹಾಕಿ ಫೈಲ್ ಮಾಡಿದ್ದ ಪುಣ್ಯಾತ್ಮ.

“ಚಿಕ್ಕಮಾದಣ್ಣ, ಇಲ್ಲೊಂದ್ ಕಾಗ್ದ ಇತ್ತಲ್ಲ?”

“ಇನ್‌ವರ್ಡ್ ನಂಬರ್ ನಾನೂರ ಅನ್ನೆರಡು ಸಾ. ಸೆಕ್ರೆಟ್ರಿ ಟೇಬಲ್ ಮ್ಯಾಲೆ ಮಡಗ್ಬುಟ್ಟೆ.”

“ಅದು ನಂದು ಕಣಣ್ಣ. ವಾಪಸ್ ತಂದ್ಕೊಡು.”

“ನಂಬರ್ ಬಿದ್ಮೇಲೆ ನಿಮ್ದೂ ಅಲ್ಲ, ನಂದೂ ಅಲ್ಲ. ಸಂಘದ್ದು ಸಾ.”

ನಾಗೇಂದ್ರ ಸೆಕ್ರೆಟರಿ ಕೋಣೆಯ ಕಡೆ ತಿರುಗಿದ. ಹೋಮ್‌ವರ್ಕ್ ಎಂದು ಹೇಳಿಬಿಡೋಣ ಎಂದರೆ ಎದುರಿನ ಗೋಡೆಯ ಮೇಲೆ ಸೆಕ್ರೆಟರಿ ಗುರುಮಲ್ಲಪ್ಪನವರು ಹೋದ ವಾರವಷ್ಟೇ ಅಂಟಿಸಿದ ಸುತ್ತೋಲೆ ಇವನನ್ನೇ ನೋಡುತ್ತಿತ್ತು. ಕಚೇರಿಯ ಪ್ರಿಂಟರು, ಕಾಗದ ಮುಟ್ಟಿ ಸ್ವಂತ ಕೆಲಸ ಮಾಡಿಕೊಂಡವರನ್ನು ಯಾವ ಮುಲಾಜೂ ಇಲ್ಲದೆ ಅಮಾನತು ಮಾಡಲಾಗುವುದು. ನಿಜ ಹೇಳಿದರೆ ಅಮಾನತು, ಸುಮ್ಮನಿದ್ದರೆ ಕೆಲಸವೇ ಇಲ್ಲ. ಮನಸ್ಸು ಬದಲಾಯಿತು ಎಂದಾದರೂ ಹೇಳೋಣವೆಂದು ಸೆಕ್ರೆಟರಿ ಕೋಣೆಗೆ ನುಗ್ಗಿದ.

ಗುರುಮಲ್ಲಪ್ಪನವರು ಕಾಗದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಮುಖದ ತುಂಬ ಸಂತೋಷ.

“ಬಾಳ ಚೆನ್ನಾಗ್ ಬರ್ದಿದೀರಿ ಕಣ್ರೀ. ಸಂಘ ಶುರುವಾಗಿ ಇಪ್ಪತ್ತೊಂಬತ್ತು ವರ್ಷ ಆಯ್ತು, ಒಬ್ಬ ಮಗನೂ ರಾಜೀನಾಮೆ ಕೊಟ್ಟಿರ್ಲಿಲ್ಲ. ನೀವಾದ್ರೂ ಕೊಟ್ರಲ್ಲ.”

“ಸಾರ್, ನಾನು ಯೋಚ್ನೆ ಮಾಡ್ದೆ...”

“ಏನೂ ಮಾತಾಡ್ಬೇಡಿ. ಮೂರ್ ಗಂಟೆ ತನ್ಕ ನನ್ನ ಯಾರೂ ಕರೀಬೇಡಿ.” ಅವನನ್ನು ಹೊರಗೆ ಕಳಿಸಿ ಒಳಗಿಂದ ಚಿಲಕ ಹಾಕಿಕೊಂಡರು.

ಹೊರಗೆ ಹಿರಿಯ ಗುಮಾಸ್ತೆ ಗೋವಿಂದಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದರು. ಚಿಕ್ಕಮಾದು ಆಗಲೇ ಸುದ್ದಿ ಮುಟ್ಟಿಸಿದ್ದ.

“ಒಂದ್ ಮಾತೂ ಹೇಳ್ದೆ ಹಿಂಗ್ ಮಾಡ್ಬುಟ್ಯಲ್ಲಪ್ಪ ನಾಗೇಂದ್ರ. ಒಡಹುಟ್ಟಿದೋನ್ ಥರ ಇದ್ದೆ.” ಮೂಗು ಒರೆಸಿಕೊಂಡು ದನಿ ತಗ್ಗಿಸಿದರು. “ಆ ಫ್ಯಾನ್ ಕೆಳಗಿನ ಸೀಟು ಇನ್ನೂ ಯಾರ್ಗೂ ಹೇಳಿಲ್ಲ ತಾನೆ?”

ಮಧ್ಯಾಹ್ನದ ಹೊತ್ತಿಗೆ ಅವನ ಮೇಜಿನ ಮೇಲೆ ಗೋವಿಂದಮ್ಮನ ವ್ಯಾನಿಟಿ ಬ್ಯಾಗು, ನೀರಿನ ಬಾಟಲಿ, ಮೊಣಕಾಲಿಗೆ ಹಚ್ಚುವ ಎಣ್ಣೆ ಎಲ್ಲ ಬಂದು ಕೂತಿದ್ದವು. ಎರಡು ಗಂಟೆಗೆ ಬೀಳ್ಕೊಡುಗೆ. ನಾಗೇಂದ್ರ ಬೇಡ ಬೇಡ ಎಂದಷ್ಟೂ ಅವನ ವಿನಯವನ್ನು ಹೊಗಳಿದರು. ಬೀರುವಿನಲ್ಲಿ ಯಾರಿಗೋ ಅಂತ ತಂದಿಟ್ಟಿದ್ದ ಮೈಸೂರು ಪೇಟ ತಲೆಗೆ ಬಂತು. ಶಾಲು ಹೊದಿಸಿದರು, ಹಾರ ಹಾಕಿದರು, ತೊಡೆಯ ಮೇಲೆ ಒಂದು ಇಡೀ ಬಾಳೆಗೊನೆ ಇಟ್ಟರು. ಗೊನೆಯ ಭಾರಕ್ಕೆ ಏಳಲೂ ಆಗದೆ ಅವನು ಕೂತೇ ಎಲ್ಲ ಭಾಷಣ ಕೇಳಿದ.

“ಒಳ್ಳೇ ಸಾಯೇಬ್ರು,” ಎಂದ ಚಿಕ್ಕಮಾದು ಗದ್ಗದಿತನಾಗಿ. “ಯಾವ್ ಕಾಗ್ದಕ್ ಸೀಲ್ ಒಡೆದ್ರೂ ಒಂದಿನಾನೂ ಯಾಕೆ ಅಂದೋರಲ್ಲ.”

ಗೋವಿಂದಮ್ಮ ತೆಗೆದ ಫೋಟೊ ವಾಟ್ಸ್‌ಆ್ಯಪಿನಲ್ಲಿ ತಲಕಾಡಿನ ನೆಂಟರನ್ನು ಮುಟ್ಟಿ, ಅಲ್ಲಿಂದ ಕೋಮಲಳ ಕೈಗೆ ಸೇರಲು ಹತ್ತು ನಿಮಿಷವೂ ಬೇಕಾಗಲಿಲ್ಲ. ನಾಗೇಂದ್ರ ಪೇಟದ ಸಮೇತ ಬೇವಿನ ಮರದ ಬುಡಕ್ಕೆ ಓಡಿದ.

“ಕೆಲ್ಸ ಬಿಟ್ಟು ಪೇಟ ಸುತ್ಕೊಂಡ್ ಕೂತಿದೀರಂತೆ?” ಕೋಮಲಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಅದಕ್ಕೇ ಅವನಿಗೆ ಹೆಚ್ಚು ಹೆದರಿಕೆಯಾಯಿತು.

“ಇಲ್ಲ ಕಣೆ, ಅದು ಹೋಮ್‌ವರ್ಕು...”

“ಬದನೆಕಾಯಿ ತರ್ಬೇಡಿ. ನಾಳೆಯಿಂದ ಏನ್ ತಿನ್ನದೋ, ಅದನ್ನೇ ಇವತ್ತಿಂದ ತಿನ್ನಣ.” ಫೋನು ಕಟ್ಟಾಯಿತು.

ಇನ್ನು ತಡೆಯಲಾಗಲಿಲ್ಲ. ಅಮಾನತಾದರೆ ಆಗಲಿ, ಅಮಾನತಾದವನು ಎಂದಾದರೂ ತಿರುಗಿ ಬರುತ್ತಾನೆ. ನಾಲ್ಕೂಮುಕ್ಕಾಲಿಗೆ ಗುರುಮಲ್ಲಪ್ಪನವರ ಬಾಗಿಲು ತೆರೆದಿತ್ತು. ನಾಗೇಂದ್ರ ಹಾರ ಹಾಕಿಕೊಂಡೇ ಒಳಗೆ ಹೋಗಿ, ಕೋರ್ಸು, ಪ್ರಶ್ನೆ, ಪ್ರಿಂಟರು, ಬದನೆಕಾಯಿ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಒಪ್ಪಿಸಿದ.

ಗುರುಮಲ್ಲಪ್ಪನವರು ಬಾಯಿ ತೆರೆದುಕೊಂಡು ಕೇಳಿದರು. ಆಮೇಲೆ ಎದ್ದು ಹೋಗಿ ಬಾಗಿಲು ಮುಂದೆ ಮಾಡಿ, ಮೆಲ್ಲಗೆ ಕೇಳಿದರು: “ಯಾವ ಕೋರ್ಸು? ವೃತ್ತಿಪರ ಬರವಣಿಗೇನಾ?”

“ಹೂಂ ಸಾರ್.”

“ಥೂ, ನಾನೂ ಅದಕ್ಕೇ ಸೇರಿದೀನಿ ಕಣ್ರೀ. ಹೋದ ವರ್ಷ ಅಧ್ಯಕ್ಷರು ನನ್ ಕಾಗ್ದ ಓದಿ ಸಭೇಲೇ ನಗಾಡಿದ್ರಲ್ಲ, ಆ ಸಂಕಟಕ್ಕೆ. ಈ ವಾರದ ಎರಡನೇ ಪ್ರಶ್ನೆ ನೋಡಿಲ್ವಾ ನೀವು? ನೌಕರನ ರಾಜೀನಾಮೆಯನ್ನು ಅಂಗೀಕರಿಸುವ ಪತ್ರ. ನಿಜವಾದ ರಾಜೀನಾಮೆ ಎಲ್ಲಿ ಸಿಗತ್ತೆ ಅಂತ ತಲೆ ಕೆಟ್ಟು ಕೂತಿದ್ದೆ, ದೇವ್ರು ಬಂದಂಗ್ ಬಂದ್ರಿ.”

“ಹಾಗಾದ್ರೆ ಆ ಸುತ್ತೋಲೆ?”

“ಹೋದ ವಾರದ ಎರಡನೇ ಪ್ರಶ್ನೆ.”

ನಾಗೇಂದ್ರನಿಗೆ ಅವರ ಕಾಲಿಗೆ ಬೀಳಬೇಕೆನ್ನಿಸಿತು. ಎಷ್ಟು ಒಳ್ಳೆಯ ಮನುಷ್ಯರು, ಎಷ್ಟು ಒಳ್ಳೆಯ ಕೋರ್ಸು. ಇಬ್ಬರೂ ನಕ್ಕು ನಕ್ಕು ಸುಸ್ತಾದರು. “ಎರಡೂ ಕಾಗ್ದ ಹರ್ದಾಕಣ,” ಎಂದು ಗುರುಮಲ್ಲಪ್ಪನವರು ಚಿಕ್ಕಮಾದುವನ್ನು ಕರೆದರು. “ನಾನ್ ಸಹಿ ಮಾಡಿ ಫೋಟೊ ಹೊಡ್ದು ಇಟ್ಟಿದ್ದ ಲೆಟರ್ ಎಲ್ಲಯ್ಯ?”

“ಟ್ರೇಲಿತ್ತಲ್ಲ, ಅದಾ? ಔಟ್‌ವರ್ಡ್ ನಂಬರ್ ಇನ್ನೂರಾ ಆರು ಸಾ. ಮೂರೂವರೆ ಟಪಾಲ್ಗೇ ಓಯ್ತು. ಜೆರಾಕ್ಸ್ ಮಾಡ್ಸಿ ಮೈಸೂರು ಜಿಲ್ಲಾ ಆಪೀಸ್ಗೊಂದು, ಅಧ್ಯಕ್ಷರ್ಗೊಂದು.”

“ಅಯ್ಯೋ, ಅದನ್ ವಾಪಸ್ ತರ್ಸೋಕಾಗಲ್ವೇನಯ್ಯ?”

“ನಂಬರ್ ಬಿದ್ಮೇಲೆ ಎಂಗ್ ಸಾ?”

ಗೋಡೆಯ ಗಡಿಯಾರ ಐದು ಹೊಡೆಯಿತು. ಗುರುಮಲ್ಲಪ್ಪನವರ ಫೋನು ಟಿಣ್ ಅಂದಿತು. ನೋಡಿದರು, ನಗು ಬಂತು, ನಾಗೇಂದ್ರನ ಮುಖ ಕಂಡು ನಗುವನ್ನು ನುಂಗಿಕೊಂಡರು. “ಇಪ್ಪತ್ತಕ್ಕೆ ಹತ್ತೊಂಬತ್ತು,” ಎಂದರು ತಪ್ಪು ಮಾಡಿದವರಂತೆ. “ಪತ್ರ ತುಂಬಾ ನೈಜವಾಗಿದೆಯಂತೆ.”

ನಾಗೇಂದ್ರನ ಫೋನೂ ಟಿಣ್ ಅಂದಿತು. ಕಣ್ಣಿಗೆ ಜಾರಿದ್ದ ಪೇಟವನ್ನು ಹಿಂದಕ್ಕೆ ಸರಿಸಿಕೊಂಡು ಓದಿದ. ಇಪ್ಪತ್ತಕ್ಕೆ ನಾಲ್ಕು, ಅನುತ್ತೀರ್ಣ. ಕೆಳಗೆ ಒಂದು ಷರಾ: “ಭಾಷೆ ಚೆನ್ನಾಗಿದೆ. ಆದರೆ ಈ ವ್ಯಕ್ತಿ ನಿಜಕ್ಕೂ ಕೆಲಸ ಬಿಡುತ್ತಿದ್ದಾರೆ ಎಂದು ಓದಿದ ಯಾರೂ ನಂಬುವುದಿಲ್ಲ.”