ಅವ್ವನ ಕೋಣೆಗೆ ಬಿಸಿಗಾಳಿ

ಕಾರ್ಖಾನೆಯಲ್ಲಿ ಬುದ್ಧಿವಂತನಾಗಿರುವುದು ಸುಲಭ. ಅಲ್ಲಿ ಹೆಂಡತಿ, ತಾಯಿ ಇರುವುದಿಲ್ಲ. ಹೊಸೂರಿನ ಒಂದು ಕಾರ್ಖಾನೆಯಲ್ಲಿ ಎ.ಸಿ. ಗಾಳಿ ಸಾಗಿಸುವ ದೊಡ್ಡ ಕೊಳವೆಗಳನ್ನು, ಅಂದರೆ ಡಕ್ಟುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಗಾಳಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲವೆಂದು ಈ ಚಳಿಗಾಲದವರೆಗೂ ನಂಬಿದ್ದೆ.

ನಮ್ಮ ಅವ್ವನಿಗೆ ಮಂಡಿನೋವು. ಇಲ್ಲಿ ಚಳಿ ಶುರುವಾದರೆ ಬಟ್ಟೆಯ ಗಂಟು ಕಟ್ಟಿಕೊಂಡು ಕೃಷ್ಣಗಿರಿಯ ಅಕ್ಕನ ಮನೆಗೆ ಹೊರಟುಬಿಡುತ್ತಾಳೆ. ಅದು ನಮಗಿಂತ ತಗ್ಗಿನಲ್ಲಿದೆ, ಬೆಚ್ಚಗಿರುತ್ತದೆ. ಆಮೇಲೆ ಎರಡು ತಿಂಗಳು ನಮ್ಮ ಮನೆ ಭಣಭಣ. ಈ ಸಲ ಕಳಿಸಬಾರದೆಂದು ಹಟ ತೊಟ್ಟೆ. ಹಜಾರದಲ್ಲಿ ಹೀಟರು, ಗಾಳಿ ದೂಡುವ ಬ್ಲೋಯರು ಕೂರಿಸಿ, ಗೋಡೆ ಕೊರೆದು ಅವಳ ಕೋಣೆಗೆ ಒಂದು ಡಕ್ಟು ಬಿಟ್ಟೆ. ಬಿಸಿ ಸೋರಬಾರದಲ್ಲ, ಕಿಟಕಿಯ ಸಂದಿಗೆ ಟೇಪು ಅಂಟಿಸಿ ಬಾಗಿಲ ಅಡಿಗೆ ಸ್ಪಂಜು ತುರುಕಿದೆ.

ಕೋಣೆ ಬೆಚ್ಚಗಾಗಲೇ ಇಲ್ಲ. ಹೀಟರು ವಿಪರೀತ ಕಾದು ತಾನಾಗಿಯೇ ಆಫ್ ಆಗುತ್ತಿತ್ತು. ಮೂರು ಭಾನುವಾರ ಬಿಚ್ಚಿ ಜೋಡಿಸಿದೆ. ಅಂಗಡಿಯವನ ಜೊತೆ ತಮಿಳಿನಲ್ಲಿ ಜಗಳವಾಡಿ, ದಾರಿಯುದ್ದಕ್ಕೂ ಕನ್ನಡದಲ್ಲಿ ಬೈದುಕೊಂಡು ಬಂದೆ. ಹೆಂಡತಿ ಗಿರಿಜಾ ಅವ್ವನಿಗೆ ಇನ್ನೊಂದು ರಗ್ಗು ಹೊದಿಸಿ, ನನ್ನನ್ನೊಮ್ಮೆ ನೋಡಿದಳು. ಅವ್ವನಂತೂ ನಾನು ಬಾಗಿಲು ಮುಚ್ಚಿದಂತೆಲ್ಲ ತೆರೆಯುತ್ತಿದ್ದಳು. ಮಾಡಿದ್ದೆಲ್ಲ ಹಾಳಾಗುತ್ತದೆಂದು ಗದರಿದೆ. ನಾಲ್ಕನೆಯ ಭಾನುವಾರ ನೋಡಿದರೆ ಗಂಟು ಮಂಚದ ಮೇಲೆ ಸಿದ್ಧವಾಗಿತ್ತು.

"ಬಾಗ್ಲು ತೆಗೆದ್ರೆ ಬೆಚ್ಗಾತೈತೆ, ಮುಚ್ಚಿದ್ರೆ ಗಾಳಿ ನಿಂತೋಯ್ತದೆ ಕಣ್ಲಾ," ಎಂದಳು ಅವ್ವ. "ಒಳೀಕ್ ಬಂದ ಗಾಳಿ ಆಚೀಕ್ ಹೋಗಕ್ಕೆ ದಾರಿ ಎಲ್ಲೈತೆ? ತುಂಬಿದ್ ಬಸ್ಸಿಗೆ ಇನ್ಯಾರ್ನ ಹತ್ತಿಸ್ತೀಯ?"

ಕಳಿಸಿದಷ್ಟೇ ಗಾಳಿ ವಾಪಸ್ಸೂ ಬರಬೇಕೆಂದು ಕಾರ್ಖಾನೆಗೆ ಸೇರಿದ ಹೊಸಬರಿಗೆ ಮೊದಲ ದಿನವೇ ಹೇಳಿಕೊಡುವವನು ನಾನು. ತಲೆ ತಗ್ಗಿಸಿ ಸ್ಪಂಜು ಕಿತ್ತೆ. ಬಾಗಿಲ ಮೇಲ್ಗಡೆ ಒಂದು ಕಿಂಡಿ ಕೊರೆದೆ. ಮೊದಲು ಜಿಪುಣತನ ಮಾಡಿ ಅಂಗೈಯಗಲ ಮಾಡಿದ್ದಕ್ಕೆ ಬ್ಲೋಯರು ನರಳಿತು. ಡಕ್ಟಿನ ಬಾಯಿಯಷ್ಟೇ ಅಗಲಿಸಿ ಜಾಲರಿ ಕೂರಿಸಿದ ಮೇಲೆ ಸಲೀಸಾಯಿತು. ಅರ್ಧ ಗಂಟೆಯಲ್ಲಿ ಅವ್ವ ರಗ್ಗು ಸರಿಸಿ ಕಾಲು ಚಾಚಿದಳು. ಸಂಜೆ ಗಂಟು ಬಿಚ್ಚಿ ಸೀರೆಗಳನ್ನು ಬೀರುವಿನಲ್ಲಿ ಇಟ್ಟಳು. ಆ ಸಂತೋಷ ನನಗೆ ಯಾವ ಬಡ್ತಿಯಲ್ಲೂ ಸಿಕ್ಕಿರಲಿಲ್ಲ.

ವಿಷಯ ತಿಳಿದ ಅಕ್ಕ, ಒಂದು ದಿನ ನೋಡಿಹೋಗುತ್ತೇನೆಂದು ಬಂದವಳು ಕೃಷ್ಣಗಿರಿಯಲ್ಲೂ ಈಗೀಗ ಚಳಿ ಜಾಸ್ತಿ ಎಂದು ಉಳಿದುಕೊಂಡಿದ್ದಾಳೆ. ಅವ್ವ, ಅಕ್ಕ, ಗಿರಿಜಾ ಮೂವರೂ ಆ ಕೋಣೆಯಲ್ಲೇ ಅವರೆಕಾಯಿ ಸುಲಿಯುತ್ತ ಕೂತಿರುತ್ತಾರೆ, ನನಗೆ ಜಾಗವಿಲ್ಲ. ನಾನು ಮಂಕಿ ಕ್ಯಾಪ್ ಹಾಕಿಕೊಂಡು, ಹಜಾರದಲ್ಲಿ ಜಾಲರಿಯ ಕೆಳಗೆ ಕುರ್ಚಿ ಎಳೆದುಕೊಂಡು, ವಾಪಸ್ಸು ಬರುವ ಗಾಳಿಯಲ್ಲಿ ಮೈ ಕಾಯಿಸಿಕೊಳ್ಳುತ್ತೇನೆ. ಅದರ ಜೊತೆಗೆ, ನನ್ನ ಬುದ್ಧಿವಂತಿಕೆಯ ಕುರಿತು ಒಳಗೆ ನಡೆಯುವ ಮಾತು ಒಂದಕ್ಷರವೂ ತಪ್ಪದೆ ಕೇಳಿಸುತ್ತದೆ.