ಮಾವನ ಹತ್ತು ಸುತ್ತು

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಕಳ್ಳಕವಟಗಿಯಲ್ಲಿ ಯಾರೂ ಹೇಳುವುದಿಲ್ಲ. ಎಲ್ಲರಿಗೂ ಗೊತ್ತಿರುವುದನ್ನು ಮತ್ತೆ ಹೇಳುವುದು ಯಾಕೆ? ಊರೆಲ್ಲ ದ್ರಾಕ್ಷಿ, ಜೋಳ ಎನ್ನುತ್ತಿದ್ದರೆ ಈ ಮಹಾನುಭಾವರು ಹೋದ ವರ್ಷ ಅರ್ಧ ಎಕರೆ ಎರೆಹೊಲಕ್ಕೆ ಬದು ಕಟ್ಟಿ, ನೀರು ನಿಲ್ಲಿಸಿ, ಭತ್ತ ಬೆಳೆಯುತ್ತೇನೆಂದು ಹಟ ಹಿಡಿದರು.

ನಾಟಿಗೆ ಮೊದಲು ಕೆಸರು ಕಲಸಬೇಕು, ಅದಕ್ಕೆ ಟ್ರ್ಯಾಕ್ಟರ್ ಇಳಿಯಬೇಕು. ಇಳಿಯುವುದೇನೋ ಇಳಿಯಿತು. ಹತ್ತಲಿಲ್ಲ! ಟೈರಿನ ಹಲ್ಲುಗಳಲ್ಲೆಲ್ಲ ಮಣ್ಣು ತುಂಬಿ ಗಾಲಿ ನಿಂತಲ್ಲೇ ತಿರುಗಿತು. ಎರಡು ಜೋಡಿ ಎತ್ತು ಕಟ್ಟಿ ಎಳೆಸುವಾಗ ಪಕ್ಕದ ಹೊಲದ ಅಜ್ಜ ಬದುವಿನ ಮೇಲೆ ಕೂತು ಕೇಳಿದ: “ಸಾವ್ಕಾರ್ರ, ಸಸಿ ಬಿಟ್ಟು ಟ್ರ್ಯಾಕ್ಟರ್ ನಾಟಿ ಮಾಡೀರೇನ್ರಿ?”

ಮಾವನಿಗೆ ಅದು ಕೇಳಿಸಲೇ ಇಲ್ಲ. ಅವರು ಎತ್ತಿನ ಗೊರಸು ಕೆಸರನ್ನು ಹಿಡಿಯುವ ರೀತಿ ನೋಡುತ್ತಿದ್ದರು.

ಮರುದಿನದಿಂದ ಪರೀಕ್ಷೆ ಶುರು. ದೊಡ್ಡ ಗಾಲಿಗೆ ಸುಣ್ಣದ ಗೆರೆ. ಗಟ್ಟಿ ನೆಲದಲ್ಲಿ ಅದು ಹತ್ತು ಸುತ್ತಿಗೆ ಹೋಗುವ ದೂರವನ್ನು ಹಗ್ಗದಿಂದ ಅಳೆದು ಬದುವಿನ ಮೇಲೆ ಗೂಟ ಹೊಡೆದರು. ಕೆಸರಿನಲ್ಲಿ ಹತ್ತು ಸುತ್ತಿಗೆ ಆ ಗೂಟದ ಹತ್ತಿರ ಬಂದರೆ ಗಾಲಿ ಪಾಸು. ಸುತ್ತು ಎಣಿಸುವ ಕೆಲಸ ಅತ್ತೆಯದು.

“ಎಷ್ಟಾತ?”

“ಹತ್ತಾತ್ರಿ. ಟ್ರ್ಯಾಕ್ಟರ್ ಮಾತ್ರ ಹೊಂಟ ಜಾಗಾದಾಗ ಐತಿ.”

ಮಾವ ಪಟ್ಟಣದ ಜೋರಾಪುರ ಪೇಟೆಯ ವೆಲ್ಡಿಂಗ್ ಅಂಗಡಿಗೆ ಹೋಗಿ, ಟೈರಿನ ಪಕ್ಕದಲ್ಲಿ ಕಟ್ಟಲು ಕಬ್ಬಿಣದ ಪಟ್ಟಿಯ ಗಾಲಿ ಮಾಡಿಸಿದರು. ಪಟ್ಟಿ ಒತ್ತೊತ್ತಾಗಿ ಮತ್ತೆ ಮಣ್ಣು ತುಂಬಿತು. ಒಂದು ಬಿಟ್ಟು ಒಂದು ಪಟ್ಟಿ ಕತ್ತರಿಸಿ ತಂದರು. ಆಗ ಅತ್ತೆ ಮೆಲ್ಲಗೆ ಅಂದರು, “ನಮ್ಮ ತವರ ಕಡೆ ಇಂಥ ಗಾಲಿ ಅಂಗಡ್ಯಾಗ ಸಿಗತಾವ್ರಿ.”

“ಮದ್ಲ ಯಾಕ ಹೇಳಲಿಲ್ಲ?”

“ನೀವು ಯಾವಾಗ ಕೇಳಿದ್ರಿ?”

ನಿಜವೇ. ಮಾವ ಯಾರನ್ನೂ ಕೇಳಿ ಕಲಿತವರಲ್ಲ. ಆದರೆ ಸಸಿಮಡಿಯಲ್ಲಿ ಸಸಿ ಬಲಿಯುತ್ತಿತ್ತು. ಇನ್ನು ನಾಲ್ಕು ದಿನ ಕಳೆದರೆ ನಾಟಿಗೆ ಬಾರದು. ಮಾವ ಊಟ ಬಿಟ್ಟು ಕೂತರು. ನನಗೆ ತಡೆಯಲಾಗಲಿಲ್ಲ.

“ಮಾಮಾ, ಅಕ್ಕಿ ಅಂಗಡ್ಯಾಗ ಸಿಗತೈತಲ್ಲ?”

“ಅಕ್ಕಿ ಸಿಗತೈತಿ. ಗದ್ದಿ ಸಿಗತೈತೇನ? ನಿಮ್ಮತ್ತಿ ಗಂಗಾವತಿ ಕಡೀಂದ ಬಂದು ಮೂವತ್ತ ವರ್ಷ ರೊಟ್ಟಿ ಬಡದಾಳ. ಗದ್ದಿ ಬೇಕಂತ ಒಂದ ಸಲಾನೂ ಅಂದಿಲ್ಲ. ಅದಕ್ಕ ಮಾಡಾಕತ್ತೇನಿ.”

ನಗಲೆಂದು ಬಂದ ನಾನು ಊಟದ ತಟ್ಟೆಯನ್ನು ಮಾವನ ಮುಂದೆ ಸರಿಸಿದೆ.

ಮರುದಿನ ಬೆಳಿಗ್ಗೆ, ಪಟ್ಟಿ ಕತ್ತರಿಸಿದ ಗಾಲಿ ಕಟ್ಟಿಕೊಂಡು, ಟ್ರ್ಯಾಕ್ಟರ್ ಕೆಸರು ಹಿಡಿದು ಮುಂದೆ ಮುಂದೆ ಹೋಯಿತು. “ಎಷ್ಟಾತ?” ಎಂದು ಮಾವ ಕೂಗಿದರು. ತಿರುಗಿ ನೋಡಿದರೆ ಬದುವಿನ ಮೇಲೆ ಅತ್ತೆಯ ಚಪ್ಪಲಿ ಮಾತ್ರ ಇದ್ದವು. ಅತ್ತೆ ಸೀರೆ ಎತ್ತಿ ಕಟ್ಟಿ, ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದರು.

“ಎಣಸೂದ ಮರತೆನ್ರಿ. ನಮ್ಮೂರ ಕೆಸರು ಹಿಂಗ ಇರತಿತ್ತು.”

ಮಾವ ಎಂಜಿನ್ ಆರಿಸಿದರು. ಸಸಿಯ ಕಟ್ಟು ಹಿಡಿದು ಕೆಸರಿಗಿಳಿದು ಅತ್ತೆಯ ಪಕ್ಕ ನಿಂತರು.

“ಹೆಂಗ ಹಚ್ಚೂದು, ನನಗ ತೋರಸ” ಎಂದು ಕೇಳಿದರು.