ಗುಡ್ಡದ ಚಿತ್ರ, ನಮ್ಮ ಮನಿ ಕೈ

ನನ್ನ ಮರ್ಯಾದಿ ಹೋಗಾಕ ಬ್ಯಾರೆ ಜಾಗಾನ ಬೇಕಿಲ್ಲ, ಆ ಗುಡ್ಡ ಹತ್ತಿದ್ರ ಸಾಕು. ಗಂಗಾವತಿ ಕಡೆ ಕಲ್ಲಬಂಡಿ ಮ್ಯಾಲೆ ಹಿಂದಿನ ಕಾಲದ ಮಂದಿ ಕೆಂಪು ಬಣ್ಣದಾಗ ಚಿತ್ರ ಬರದಾರ: ಜಿಂಕಿ, ಗೂಳಿ, ಕೈ ಕೈ ಹಿಡಕೊಂಡು ಕುಣಿಯೂ ಮಂದಿ. ನಾನು ರಾಣೆಬೆನ್ನೂರಾಗ ಸಾಲಿ ಟೀಚರ್. ನಮ್ಮ ಹುಡುಗ್ರಿಗೆ ಅದನ್ನ ತೋರಸಬೇಕಂತ ಭಾಳ ಆಸೆ. ಅಲ್ಲಿಯ ಕಾವಲುಗಾರ, "ಹುಡುಗ್ರ ಕೈ ಸುಮ್ಮನ ಇರಂಗಿಲ್ರಿ ಅಕ್ಕಾರ. ಮೊದಲ ನಿಮ್ಮ ಮನಿ ದೊಡ್ಡವರನ್ನ ಕರಕೊಂಡು ಬರ್ರಿ, ಅವರ ಕೈಯರ ಸುಮ್ಮನ ಇರತಾವೇನು ನೋಡೂಣು" ಅಂದ. ಅದೇನು ಮಹಾ ಅಂದ್ಕೊಂಡೆ.

೧. ಬ್ಯಾಡಗಿ ಮಾವ

ಮೊದಲ ಬಂದವರು ನಮ್ಮ ಮನಿಯವರ ಸೋದರಮಾವ. ಬ್ಯಾಡಗಿ ಪ್ಯಾಟ್ಯಾಗ ಮೆಣಸಿನಕಾಯಿ ವ್ಯಾಪಾರ. ತಿಕ್ಕಿ ತಿಕ್ಕಿ ಬಣ್ಣ ನೋಡೂದ ಅವರ ಉದ್ಯೋಗ. ಕೆಂಪು ಗೂಳಿ ಕಂಡಕೂಡ್ಲೆ ಹೆಬ್ಬಟ್ಟಿಗೆ ಉಗುಳು ಹಚ್ಚಿಕೊಂಡು ಮುಂದ ಹೋದ್ರು. ಕಾವಲುಗಾರ ಓಡಿ ಬಂದು ಕೈ ಹಿಡದ.

"ಬಣ್ಣ ಬಿಡತೈತೇನು ನೋಡಬೇಕಲ್ಲೋ ತಮ್ಮಾ!"

"ಬಿಡೂ ಬಣ್ಣ ಆಗಿದ್ರ ನೀವು ಬರೂತನ ಇರತಿತ್ತೇನ್ರಿ ಯಜಮಾನ್ರ?"

ನನಗ ತಲಿ ಎತ್ತಾಕ ಆಗಲಿಲ್ಲ. ಮಾವ ಮಾತ್ರ ಗುಡ್ಡ ಇಳಿಯೂತನ, "ಮಾಲು ಖರೇ ಐತಿ" ಅನ್ನಾಕತ್ತಿದ್ರು.

೨. ಅತ್ತಿಯವರ ಕುಂಕುಮ

"ನಮ್ಮತ್ತಿ ಭಾಳ ಶಾಂತ ಇದ್ದಾರಪಾ" ಅಂತ ಕಾವಲುಗಾರಗ ಅಂಗಲಾಚಿ ಅವರನ್ನ ಕರಕೊಂಡು ಹೋದೆ. ಕುಣಿಯೂ ಮಂದಿನ್ನ ನೋಡಿ ಅತ್ತಿ, "ಯವ್ವಾ, ದೇವರು!" ಅಂದು ಸಂಚಿಯಿಂದ ಕುಂಕುಮ ತಗದ್ರು. ಅಂವ ಎರಡೂ ಕೈ ಚಾಚಿ ಅಡ್ಡ ನಿಂತ.

"ತಗದ ಕುಂಕುಮ ವಾಪಸ್ ಹಾಕಬಾರದಪಾ" ಅಂದವರ, ಅವನ ಹಣಿಗೇ ಬಳದುಬಿಟ್ರು. ಹಿಂದ ಬಂದ ಮಂದಿ ಚಪ್ಪಲಿ ಬಿಟ್ಟು ಅವನಿಗೇ ಕೈ ಮುಗದ್ರು.

೩. ನನ್ನ ಪಾಳಿ

ಕಡೀಕ ಅವನಿಗೆ ಪಾಪ ಅನಿಸಿರಬೇಕು, "ಹುಡುಗ್ರನ್ನ ಕರಕೊಂಡು ಬರ್ರಿ, ಜವಾಬ್ದಾರಿ ನಿಮ್ಮದು" ಅಂದ. ಬಸ್ಸಿನಾಗ ದಾರಿಯುದ್ದಕ್ಕೂ ಹೇಳಿದ್ದ ಹೇಳಿದೆ: ಮುಟ್ಟಬಾರದು, ಕೆರಿಬಾರದು, ಹೆಸರು ಬರಿಬಾರದು. ಬಂಗಾರದಂಥ ಹುಡುಗ್ರು, ಕೈ ಹಿಂದ ಕಟ್ಟಿಕೊಂಡ ನಿಂತ್ರು. ನಾನು ಪಾಠ ಶುರು ಮಾಡಿದೆ. ಹಿಂದ ನಿಂತಾಕಿ ಒಬ್ಬಾಕಿ, "ಜಿಂಕಿ ಕಾಣವಲ್ದರಿ ಟೀಚರ್" ಅಂದ್ಲು.

"ಕಾಣವಲ್ದ? ಇಲ್ಲಿ ನೋಡ್ರಿ" ಅಂದೆ. ಸಾಲಿಯ ರೂಢಿ ನೋಡ್ರಿ, ಕೈ ತಾನ ಪರ್ಸಿನ್ಯಾಗ ಹೋತು, ಚಾಕ್‌ಪೀಸ್ ತಗೀತು, ಜಿಂಕಿ ಸುತ್ತ ದುಂಡಗ ಗೆರಿ ಎಳದುಬಿಡ್ತು!

ಕಾವಲುಗಾರ ತಲಿಮ್ಯಾಲೆ ಕೈ ಇಟ್ಕೊಂಡ. ನಾನು ಗಾಬರ್ಯಾಗಿ ಸೆರಗಿಲೆ ಒರಸಾಕ ಹೋದೆ.

"ಟೀಚರ್, ಮುಟ್ಟಬಾರದು!" ಅಂತ ಹುಡುಗ್ರೆಲ್ಲಾ ಒಮ್ಮೆಲೆ ಚೀರಿದ್ರು.

ನಾಚಿಕಿಗೆ ನನ್ನ ಮಾರಿ ಆ ಗೂಳಿಗಿಂತ ಕೆಂಪಾಗಿತ್ತು. ಕಾವಲುಗಾರ ತಲಿಮ್ಯಾಲಿನ ಕೈ ಸಾವಕಾಶ ಇಳಿಸಿದ.

"ಹುಡುಗ್ರು ಬೇಕಾದಾಗ ಬರ್ಲಿ. ನಿಮ್ಮ ಮಾವ, ಅತ್ತಿ ಬಂದ್ರೂ ಬಿಡತೇನಿ. ನೀವು ಮಾತ್ರ ಕೆಳಗ ಬುತ್ತಿ ಕಾಯಕೊಂತ ಕುಂದ್ರಬೇಕ್ರಿ ಅಕ್ಕಾರ."